ಒಂದು ಮನೆ ಕೆಳಗೆ

1996ರಲ್ಲಿ ಚಿಕ್ಕಮಗಳೂರಿನ ನಾವು ನಾಲ್ಕು ಜನ ಸೇರಿ ಎಂಟು ಕನ್ನಡ ರಾಕ್ ಹಾಡುಗಳ ಒಂದು ಕ್ಯಾಸೆಟ್ ಮಾಡಿದ್ದೆವು. ಈ ಬೇಸಿಗೆಯಲ್ಲಿ ಅದೇ ನಾಲ್ಕು ಜನ ಆಲ್ದೂರು ಕಡೆಯ ಒಂದು ಕಾಫಿ ಗೋದಾಮಿನಲ್ಲಿ ಕೂತು ಆ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದೆವು. ನಾನು ಹಾಡುವವಳು. ರಿದಮ್ ಗಿಟಾರ್ ಕೂಡ ನನ್ನದೇ. ಆಗ ನನಗೆ 23 ವರ್ಷ, ಈಗ 50 ದಾಟಿದೆ. ಹಳೆಯ ಹಾಡನ್ನು ಮತ್ತೆ ಮಾಡೋದು ಅಂದರೆ ಏನೇನು ಕೆಲಸ ಇರುತ್ತೆ ಅಂತ ಬಹಳ ಜನ ಕೇಳಿದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವು ಶುರು ಮಾಡಿದ್ದು 1993ರಲ್ಲಿ. ಆಗ ನಮ್ಮ ಊರಲ್ಲಿ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು, ಇಲ್ಲವೇ ಆರ್ಕೆಸ್ಟ್ರಾ. ರಾಕ್ ಅಂದರೆ ಇಂಗ್ಲಿಷಿನದು, ಬೆಂಗಳೂರಿನದು. ನಮಗೆ ಸಿಗುತ್ತಿದ್ದ ವೇದಿಕೆ ಗಣಪತಿ ಪೆಂಡಾಲ್, ಕಾಲೇಜ್ ಡೇ, ಅಪರೂಪಕ್ಕೊಮ್ಮೆ ಪ್ಲಾಂಟರುಗಳ ಕ್ಲಬ್ಬು. ಪೆಂಡಾಲಿನಲ್ಲಿ ಮೊದಲು ನಾಲ್ಕು ಸಿನಿಮಾ ಹಾಡು ಹೇಳಬೇಕು, ಆಮೇಲೆ ನಮ್ಮದೊಂದು. ಮೈಕ್ ಸೆಟ್ಟಿನವರ ಅಹುಜಾ ಆಂಪ್ಲಿಫೈಯರಿಗೇ ನನ್ನ ಮೈಕೂ ಹೋಗುತ್ತಿತ್ತು, ಗಿಟಾರೂ ಹೋಗುತ್ತಿತ್ತು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲಿ ಅಂತ ವೇದಿಕೆ ಮೇಲೆ ಇಡುವ ಮಾನಿಟರ್ ಸ್ಪೀಕರನ್ನು ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ. ಹಿಂದೆ ಡ್ರಮ್ಸ್, ಪಕ್ಕದಲ್ಲಿ ಹಾರ್ನ್ ಸ್ಪೀಕರ್. ನನ್ನ ದನಿ ನನಗೆ ಕೇಳಬೇಕು ಅಂದರೆ ಕಿರುಚಲೇಬೇಕು. ಆ ಕಿರುಚುವ ದನಿಯೇ ಆಮೇಲೆ ನಮ್ಮ ಬ್ಯಾಂಡಿನ ಗುರುತಾಯಿತು. ಜನ ಅದನ್ನೇ ನೆನಪಿಟ್ಟುಕೊಂಡರು.

ಕ್ಯಾಸೆಟ್ ಮಾಡಿದ್ದು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ, ಒಂದೇ ಕಾಲ್‌ಶೀಟಿನಲ್ಲಿ. ದುಡ್ಡು ಅಷ್ಟೇ ಇದ್ದದ್ದು. ಎಲ್ಲರೂ ಒಟ್ಟಿಗೆ ನಿಂತು ನುಡಿಸಿದೆವು, ಅದು ನೇರವಾಗಿ ಎರಡು ಟ್ರ್ಯಾಕಿನ ಸ್ಪೂಲ್ ಟೇಪಿಗೆ ಹೋಯಿತು. ಡ್ರಮ್ಸ್ ಬೇರೆ, ದನಿ ಬೇರೆ ಅಂತ ಇಟ್ಟುಕೊಳ್ಳುವ ಅನುಕೂಲ ಇರಲಿಲ್ಲ. ಆ ಸ್ಪೂಲ್ ಈಗ ಎಲ್ಲೂ ಇಲ್ಲ. ಕ್ಯಾಸೆಟ್ ತಂದ ಕಂಪನಿ ಮುಚ್ಚಿ ಹೋಗಿ ಕಾಲವಾಯಿತು. ಉಳಿದಿದ್ದು ಮನೆಗಳಲ್ಲಿ ಅಲ್ಲಿ ಇಲ್ಲಿ ಇದ್ದ ಕ್ಯಾಸೆಟ್‌ಗಳು ಮಾತ್ರ.

ಹಳೆಯದನ್ನೇ ಸ್ವಲ್ಪ ಕ್ಲೀನ್ ಮಾಡಿ ಹಾಕಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾವೂ ಮೊದಲು ಯೋಚಿಸಿದ್ದು ಅದನ್ನೇ. ಅದಕ್ಕೆ ಊರಿನ ಪರಿಚಯದ ವಕೀಲರ ಹತ್ತಿರ ಹೋದೆವು. ಅವರು ಹಳೆಯ ಒಪ್ಪಂದದ ಕಾಗದ ಓದಿ ಬಿಡಿಸಿ ಹೇಳಿದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿನ ಸಾಹಿತ್ಯಕ್ಕೆ ಒಂದು ಹಕ್ಕು, ಸಂಗೀತಕ್ಕೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು. ಧ್ವನಿಮುದ್ರಣದ್ದು ನಿರ್ಮಾಪಕರಿಗೆ ಸೇರುತ್ತದೆ, ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ನಮ್ಮ ಕ್ಯಾಸೆಟ್ಟಿನದು 2056ರ ಕೊನೆವರೆಗೆ. ಕಂಪನಿ ಮುಚ್ಚಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಆದರೆ ಸಾಹಿತ್ಯ, ಸಂಗೀತದ ವಿಷಯದಲ್ಲಿ ನಮಗೆ ಒಳ್ಳೆಯದಾಗಿತ್ತು. ಆ ಒಂದು ಪುಟದ ಕಾಗದದಲ್ಲಿ "ಎಲ್ಲ ಹಕ್ಕು ಕೊಟ್ಟಿದ್ದೇವೆ" ಅಂತ ಇತ್ತು. ಎಷ್ಟು ಕಾಲಕ್ಕೆ ಅಂತ ಇರಲಿಲ್ಲ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಧಿ ಬರೆಯದೇ ಹೋದರೆ ಅದು 5 ವರ್ಷಕ್ಕೆ ಅಂತ ಲೆಕ್ಕ. 1994ರ ತಿದ್ದುಪಡಿ ಜಾರಿಗೆ ಬಂದಮೇಲೆ ಆದ ಒಪ್ಪಂದಗಳಿಗೆ ಈ ನಿಯಮ. ಅಂದರೆ 2001ರಲ್ಲೇ ಹಾಡುಗಳು ನಮ್ಮ ಕೈಗೆ ವಾಪಸ್ ಬಂದಿದ್ದವು. ನಮಗೆ ಗೊತ್ತಾಗಲಿಲ್ಲ, ಯಾರೂ ಹೇಳಲೂ ಇಲ್ಲ.

"ಹೊಸದಾಗಿ ನುಡಿಸಿ, ಹೊಸದಾಗಿ ಹಾಡಿ. ಹಳೇ ಟೇಪಿನ ಒಂದು ಚೂರೂ ಅದರಲ್ಲಿ ಬರಬಾರದು, ಅಷ್ಟೇ" ಅಂದರು ವಕೀಲರು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2021ರಿಂದ ತಮ್ಮ ಹಳೆಯ ಆಲ್ಬಂಗಳನ್ನು ಒಂದೊಂದಾಗಿ ಮತ್ತೆ ಹಾಡಿದ್ದು ಇದೇ ವ್ಯತ್ಯಾಸದ ಆಧಾರದ ಮೇಲೆ. ರೆಕಾರ್ಡಿಂಗ್ ಬೇರೆಯವರ ಕೈಲಿತ್ತು, ಹಾಡು ಬರೆದವರು ಅವರೇ. ಅಷ್ಟು ದೊಡ್ಡವರಿಗೂ, ಗಣಪತಿ ಪೆಂಡಾಲಿನ ನಮಗೂ ದಾರಿ ಒಂದೇ ಅಂತ ತಿಳಿದಾಗ ನನಗೆ ನಿಜವಾಗಲೂ ಧೈರ್ಯ ಬಂತು.

ಹಾಗಾದರೂ ಹಳೆಯ ಕ್ಯಾಸೆಟ್ ಕೇಳಲೇಬೇಕಿತ್ತು. ಏನು ನುಡಿಸಿದ್ದೆವು ಅಂತ ಪೂರ್ತಿ ನೆನಪಿಲ್ಲ. ನನ್ನ ಹತ್ತಿರ ಇದ್ದದ್ದಕ್ಕೆ ಬೂಷ್ಟು ಹಿಡಿದಿತ್ತು. ಮಲೆನಾಡಿನ ಮಳೆಗಾಲ ಕಳೆದ ಕ್ಯಾಸೆಟ್ ಯಾವುದಕ್ಕೂ ಇದು ತಪ್ಪಿದ್ದಲ್ಲ. ಟೇಪಿನ ಅಂಚಿಗೆ ಸಣ್ಣ ಬಿಳಿ ಚುಕ್ಕೆಗಳು. ಹಾಸನದ ಹುಡುಗನೊಬ್ಬ ಸೌಂಡ್ ಎಂಜಿನಿಯರಿಂಗ್ ಕಲಿತು ಬಂದಿದ್ದಾನೆ, ನಮ್ಮ ಜೊತೆ ಕೆಲಸ ಮಾಡಿದವನು ಅವನೇ. ಅವನು ಕ್ಯಾಸೆಟ್ಟಿನ ಅಂಟಿಸಿದ ಚಿಪ್ಪನ್ನು ಒಡೆದು, ಟೇಪಿನ ಸುರುಳಿಗಳನ್ನು ಸ್ಕ್ರೂ ಇರುವ ಇನ್ನೊಂದು ಚಿಪ್ಪಿಗೆ ಹಾಕಿದ. ಉಸಿರು ಬಿಗಿಹಿಡಿದು ನೋಡುತ್ತಿದ್ದೆ. 3.81 ಮಿಲಿಮೀಟರ್ ಅಗಲದ ಪಟ್ಟಿ ಅದು, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ನಮ್ಮ ಎಂಟೂ ಹಾಡು ಇರುವುದು ಅಷ್ಟರಲ್ಲಿ. ಆಮೇಲೆ ಟೇಪನ್ನು ಓದುವ, ಪ್ಲೇಯರಿನ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಬಂದ. ಹೆಡ್ಡಿನ ಓರೆ ಟೇಪಿನ ಓರೆಗೆ ಸರಿಹೋದ ಕ್ಷಣ ಡ್ರಮ್ಸಿನ ಸಿಂಬಲ್ ತಟ್ಟೆಯ ಸದ್ದು ತಟ್ಟನೆ ಸ್ಪಷ್ಟವಾಯಿತು. ಅಷ್ಟು ವರ್ಷ ಮಂಕಾಗಿ ಕೇಳುತ್ತಿದ್ದದ್ದು ಟೇಪಿನ ದೋಷವೇ ಆಗಿರಲಿಲ್ಲ.

ಆಮೇಲೆ ಗಿಟಾರ್ ತೆಗೆದುಕೊಂಡು ಅದರ ಜೊತೆ ನುಡಿಸಲು ಹೋದರೆ ಶ್ರುತಿ ಕೂಡಲಿಲ್ಲ. ನಾವು ನುಡಿಸಿದ್ದು ಇ ಮೈನರ್‌ನಲ್ಲಿ, ಹಾರ್ಮೋನಿಯಂನ ಬಿಳಿ ಕೀಗಳನ್ನು ಎಣಿಸುವ ನಮ್ಮ ಕಡೆಯ ಲೆಕ್ಕದಲ್ಲಿ ಮೂರು ಮನೆ. ಕ್ಯಾಸೆಟ್ ಮೂರು ಮನೆಗೂ ನಾಲ್ಕು ಮನೆಗೂ ನಡುವೆ ಎಲ್ಲೋ ನಿಂತಿತ್ತು. ಟೇಪಿನಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿತ್ತು. ಅದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ ಇರಬೇಕು, ಅದನ್ನು ಅಳೆದರೆ ವೇಗ ಗೊತ್ತಾಗುತ್ತೆ ಅಂದ ಹುಡುಗ. ಡ್ರಮ್ಸ್‌ನವನು ಬೇಡ ಅಂದ. ಆಗೆಲ್ಲ ಕರೆಂಟು 50ರ ಕೆಳಗೆ ಇಳಿಯುವುದು ಮಾಮೂಲು, ಅದನ್ನು ನಂಬೋಕಾಗಲ್ಲ. ಕೊನೆಗೆ ದಾರಿ ತೋರಿಸಿದ್ದು ಒಂದು ಕೀಬೋರ್ಡು. ಒಂದು ಹಾಡಿಗೆ ಆರ್ಕೆಸ್ಟ್ರಾದವರಿಂದ ಕ್ಯಾಸಿಯೊ ತಂದು ಎರಡು ಸ್ವರ ಒತ್ತಿದ್ದೆವು. ಅದರ 'ಎ' ಸ್ವರ 440 ಹರ್ಟ್ಸ್‌ಗೇ ಕಟ್ಟಿದ್ದು, ಯಾರೂ ತಿರುಗಿಸಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಅದು 453 ತೋರಿಸಿತು.

ಅಂದರೆ ಕ್ಯಾಸೆಟ್ ನೂರಕ್ಕೆ ಮೂರರಷ್ಟು ಜಾಸ್ತಿ ವೇಗದಲ್ಲಿ ಓಡುತ್ತಿತ್ತು. ಕಾಪಿ ಮಾಡುವಾಗ ಯಾವುದೋ ಮಷೀನ್ ಹಾಗೆ ಓಡಿದೆ. ಮೂರು ಪರ್ಸೆಂಟ್ ಅಂದರೆ ಎಷ್ಟು ಮಹಾ ಅನಿಸಬಹುದು. ಅದರಿಂದ ಅರ್ಧ ಸೆಮಿಟೋನ್, ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಕೀಗಳ ಅಂತರದ ಅರ್ಧದಷ್ಟು ಶ್ರುತಿ ಏರುತ್ತದೆ, ಹಾಡು ಅವಸರವಾಗುತ್ತದೆ, ದನಿ ತೆಳುವಾಗಿ ಎಳೆಯದಾಗುತ್ತದೆ. ನಾನು ಇಷ್ಟು ವರ್ಷ "ನನ್ನ ಆಗಿನ ದನಿ" ಅಂತ ನೆನೆಸಿಕೊಂಡು ಕೊರಗುತ್ತಿದ್ದ ದನಿ ನಾನು ಹಾಡಿದ್ದೇ ಅಲ್ಲ. ವೇಗ ಸರಿಮಾಡಿ ಕೇಳಿಸಿದಾಗ ಅದು ಇನ್ನೂ ದಪ್ಪವಿತ್ತು, ಇನ್ನೂ ನಿಧಾನವಿತ್ತು. ನನಗೆ ಅಳು ಬಂತು. ದುಃಖಕ್ಕಲ್ಲ, ಅದು ನನ್ನ ಈಗಿನ ದನಿಗೆ ನಾನು ತಿಳಿದಿದ್ದಕ್ಕಿಂತ ಹತ್ತಿರ ಇತ್ತು.

ಹತ್ತಿರ ಅಷ್ಟೇ, ಒಂದೇ ಅಲ್ಲ. ಹೆಂಗಸರಿಗೆ ಮುಟ್ಟು ನಿಂತಮೇಲೆ ದನಿ ಇಳಿಯುತ್ತದೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹಾರ್ಮೋನ್ ಕಮ್ಮಿಯಾದಾಗ ಗಂಟಲಿನ ಧ್ವನಿತಂತುಗಳು ದಪ್ಪವಾಗುತ್ತವೆ, ಒಣಗುತ್ತವೆ. ಮೇಲಿನ ಸ್ವರಗಳು ಮೊದಲು ಕೈ ಬಿಡುತ್ತವೆ. ನನಗೆ ಎರಡು ವರ್ಷದಿಂದ ಮೇಲಿನ ಷಡ್ಜದ ಹತ್ತಿರ ದನಿ ಒಡೆಯುತ್ತಿತ್ತು. ಗಂಟಲಿನಲ್ಲಿ ಗಂಟು ಏನಾದರೂ ಆಗಿದೆಯೇನೋ ಅಂತ ಹೆದರಿ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ಕ್ಯಾಮೆರಾ ಬಿಟ್ಟು ನೋಡಿ, "ಏನೂ ಇಲ್ಲಮ್ಮ, ಚೆನ್ನಾಗಿದೆ. ವಯಸ್ಸಿಗೆ ತಕ್ಕ ಬದಲಾವಣೆ ಅಷ್ಟೇ" ಅಂದರು. ಹಾಡಬಹುದಾ ಅಂತ ಕೇಳಿದೆ. ದಿನಾ ಹಾಡಿ, ನೀರು ಜಾಸ್ತಿ ಕುಡೀರಿ ಅಂದರು.

ಅವತ್ತಿನಿಂದ ಬೆಳಗ್ಗೆ ಎದ್ದ ತಕ್ಷಣ ಒಂದು ಅಭ್ಯಾಸ. ಲೋಟದಲ್ಲಿ ಅರ್ಧ ನೀರು, ಅದರೊಳಗೆ ಎಳನೀರಿನ ಸ್ಟ್ರಾ. ಸ್ಟ್ರಾ ಬಾಯಲ್ಲಿಟ್ಟುಕೊಂಡು ನೀರಲ್ಲಿ ಗುಳ್ಳೆ ಏಳಿಸುತ್ತಾ ಸ ಇಂದ ಪ ವರೆಗೆ ಏರಿ ಇಳಿಯಬೇಕು. ಬಾಯಿ ಮುಂದೆ ಒತ್ತಡ ಇರುವುದರಿಂದ ತಂತುಗಳಿಗೆ ಹೊಡೆತ ಬೀಳದೆ ಅಲುಗುತ್ತವೆ. ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಉಸಿರು ಸರಿಯಿದೆ ಅಂತ ಅರ್ಥ. ತಡವರಿಸಿದರೆ ಕಣ್ಣಿಗೇ ಕಾಣುತ್ತದೆ. ಹಾಡುವವರು ಯಾರಿದ್ದರೂ ಇದನ್ನು ಮಾಡಿ ನೋಡಿ ಅಂತ ಹೇಳುತ್ತೇನೆ.

ಶ್ರುತಿ ಇಳಿಸುವ ಮಾತು ಬಂದಾಗ ನಮ್ಮ ಲೀಡ್ ಗಿಟಾರಿನವನಿಗೆ ಸ್ವಲ್ಪ ಬೇಜಾರಾಯಿತು. "ಕೆಳಗೆ ಹೋದರೆ ಹಾಡಿನ ಬಿಸಿ ಹೋಗುತ್ತೆ ಕಣೇ" ಅಂದ. ನಾನು ಅವನಿಗೆ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ಹಾಡು ಕೇಳಿಸಿದೆ. ಸಣ್ಣ, ಎತ್ತರದ ದನಿ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ಅವರ ದನಿ ಪೂರಾ ಇಳಿಯಿತು. ನಾಡು ತಲೆಬಾಗಿದ್ದು ಆ ಇಳಿದ ದನಿಗೆ. ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ 2011ರಲ್ಲಿ ತಮ್ಮ 1989 ಮತ್ತು 1993ರ ಹಾಡುಗಳನ್ನು ಮತ್ತೆ ಹಾಡಿದಾಗ ಕೆಲವನ್ನು ಕೆಳಗಿನ ಶ್ರುತಿಗೆ ತಂದರು. ಕೆನಡಾದ ಗಾಯಕಿ ಜೋನಿ ಮಿಚೆಲ್ 1969ರ ತಮ್ಮ ಹಾಡನ್ನು 2000ದಲ್ಲಿ ಆರ್ಕೆಸ್ಟ್ರಾ ಜೊತೆ ಹಾಡಿದ್ದನ್ನು ಕೇಳಿ ನೋಡಿ. ಅದು ಸೋತ ದನಿಯಲ್ಲ. ಇವರೆಲ್ಲ ನನಗೆ ಅಪ್ಪಣೆ ಕೊಟ್ಟರು ಅಂತಲೇ ನಾನು ತಿಳಿದಿದ್ದೇನೆ.

ಒಂದು ಮನೆ ಇಳಿಸಿದೆವು, ಇ ಇಂದ ಡಿ ಗೆ, ಅಂದರೆ ಮೂರು ಮನೆಯಿಂದ ಎರಡು ಮನೆಗೆ. ಇದನ್ನು ಮಾಡಲು ಎರಡು ದಾರಿ. ಒಂದು, ಗಿಟಾರಿನಲ್ಲಿ ಬೇರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವುದು. ಇನ್ನೊಂದು, ಎಲ್ಲ ತಂತಿಗಳನ್ನೂ ಒಂದು ಮನೆ ಸಡಿಲಿಸಿ ಹಳೆಯ ಕಾರ್ಡನ್ನೇ ಹಿಡಿಯುವುದು. ನಾವು ಎರಡನೆಯದನ್ನು ಆರಿಸಿಕೊಂಡೆವು. ಈ ಹಾಡುಗಳಿಗೆಲ್ಲ ಇ ಶ್ರುತಿ ಬಂದದ್ದೇ ಗಿಟಾರಿನ ದಪ್ಪ ತಂತಿ ಇ ಆಗಿದ್ದರಿಂದ. ಬೆರಳಿಟ್ಟು ಒತ್ತದೆ ಬಿಟ್ಟ ತಂತಿ ಮೊಳಗುವ ರೀತಿಯೇ ಬೇರೆ. ಕಾರ್ಡ್ ಬದಲಿಸಿದರೆ ಆ ಮೊಳಗು ಸತ್ತುಹೋಗುತ್ತದೆ. ಸಡಿಲ ತಂತಿ ಪಟಪಟ ಅನ್ನಬಾರದು ಅಂತ ದಪ್ಪ ತಂತಿ ಹಾಕಿದೆವು, ತಂತಿಯ ದಪ್ಪದ ಲೆಕ್ಕದಲ್ಲಿ ಗಿಟಾರಿಗೆ 9ರ ಬದಲು 11ರ ಸೆಟ್ಟು. ಬಾಸ್ ಗಿಟಾರಿನ ಕೊನೇ ತಂತಿ 41 ಹರ್ಟ್ಸ್‌ನಿಂದ 37ರ ಹತ್ತಿರಕ್ಕೆ ಇಳಿಯಿತು. ಆ ಆಳದ ಸದ್ದು ಬಂದಮೇಲೆ ಲೀಡಿನವನೇ "ಇದು ಇನ್ನೂ ಭಾರ ಇದೆ ಮಾರಾಯ್ತಿ" ಅಂತ ಖುಷಿಪಟ್ಟ.

ನನ್ನ ದನಿಯ ಶ್ರುತಿ ಯಾವುದು ಅಂತ 1996ರಲ್ಲಿ ಯಾರೂ ಕೇಳಿರಲಿಲ್ಲ. ಗಿಟಾರಿಗೆ ಅನುಕೂಲವಾದದ್ದಕ್ಕೆ ನಾನು ಹೊಂದಿಕೊಂಡೆ. ಇದು ತಲೆಗೆ ಬಂದಮೇಲೆ ಇಡೀ ಕೆಲಸವನ್ನು ನೋಡುವ ರೀತಿಯೇ ಬದಲಾಯಿತು. ಆ ಹಾಡುಗಳಲ್ಲಿ ಯಾವುದು ನಾವು ಬೇಕು ಅಂತ ಮಾಡಿದ್ದು, ಯಾವುದು ಬೇರೆ ದಾರಿ ಇಲ್ಲದೆ ಆದದ್ದು? ಒಂದೊಂದು ಹಾಡಿಗೂ ಇದನ್ನೇ ಕೇಳುತ್ತಾ ಹೋದೆವು. ಉತ್ತರ ಒಂದೇ ರೀತಿ ಬರಲಿಲ್ಲ.

ಗೋದಾಮಿನ ವಿಷಯ ಹೇಳಬೇಕು. ನಮ್ಮ ಡ್ರಮ್ಸ್‌ನವನು ಈಗ ಪ್ಲಾಂಟರ್. ಕಾಫಿ ಕೊಯ್ಲು ಮುಗಿದು, ಮೂಟೆಗಳೆಲ್ಲ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋದಮೇಲೆ ಮಾರ್ಚ್ ಕೊನೆಗೆ ಗೋದಾಮು ಖಾಲಿ. ಎತ್ತರದ ಹೆಂಚಿನ ಮಾಡು, ಕಲ್ಲಿನ ಗೋಡೆ, ಸಿಮೆಂಟ್ ನೆಲ. ಚಪ್ಪಾಳೆ ತಟ್ಟಿದರೆ ಸದ್ದು ಸುತ್ತಿ ಸುತ್ತಿ ಬರುತ್ತಿತ್ತು. ಖಾಲಿ ಗೋಣಿಚೀಲ ನೇತುಹಾಕಿದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆವು. ತೆಳು ಬಟ್ಟೆ ನುಂಗುವುದು ಕೀರಲು ಸದ್ದನ್ನು ಮಾತ್ರ ಅಂದ ಹುಡುಗ. 100 ಹರ್ಟ್ಸಿನ ಸದ್ದಿನ ಒಂದು ಅಲೆ 3.4 ಮೀಟರ್ ಉದ್ದ ಇರುತ್ತದೆ, ಅದಕ್ಕೆ ದಪ್ಪ ಬೇಕು. ಹಾಗಾಗಿ ಚೀಲಗಳಿಗೆ ಕಾಫಿ ಹೊಟ್ಟು ತುಂಬಿಸಿ ಮೂಲೆಗಳಲ್ಲಿ ಆಳೆತ್ತರ ಪೇರಿಸಿದೆವು. ತೋಟದ ಆಳುಗಳು ಬಂದು ಕೈ ಕೊಟ್ಟರು. ಹೊಟ್ಟಿನ ಹುಳಿ ಮಿಶ್ರಿತ ವಾಸನೆ ಕೊನೆವರೆಗೂ ಬಟ್ಟೆಯಿಂದ ಹೋಗಲಿಲ್ಲ, ಆದರೆ ಡ್ರಮ್ಮಿನ ಸದ್ದು ಗಟ್ಟಿಯಾಗಿ ನಿಂತಿತು.

ಹೊತ್ತು ನೋಡಿ ಕೆಲಸ ಮಾಡಬೇಕಿತ್ತು. ಬೆಳಗ್ಗೆ ಬೇಗ ಶುರು, ಮಧ್ಯಾಹ್ನಕ್ಕೆ ನಿಲ್ಲಿಸುವುದು. ಸಂಜೆಯಾದರೆ ಜೀರುಂಡೆಗಳ ಸದ್ದು ಮೈಕಿನೊಳಗೆ ಬಂದು ಕೂರುತ್ತದೆ, ಅದನ್ನು ತೆಗೆಯಲು ಹೋದರೆ ಸಿಂಬಲ್ಲೂ ಹೋಗುತ್ತದೆ. ಕರೆಂಟು ಹೋದರೆ ಜನರೇಟರ್ ಹಾಕುವ ಹಾಗಿಲ್ಲ, ಸದ್ದು. ಒಂದು ದಿನ ಒಳ್ಳೆಯ ಟೇಕ್ ನಡುವೆ ಮಳೆ ಬಂತು. ಹೆಂಚಿನ ಮೇಲೆ ಬಿದ್ದ ಮಳೆಗೆ ಎಲ್ಲ ಮೈಕೂ ತುಂಬಿಹೋಯಿತು. ನಮ್ಮ ಡ್ರಮ್ಸ್‌ನವನು ಕೋಲು ಕೆಳಗಿಟ್ಟು ಓಡಿದ, ಮಳೆ ಅಳೆಯುವ ಗಾಜಿನ ಹತ್ತಿರ. ಹೂ ಮಳೆ ಅದು. ಮಾರ್ಚ್, ಏಪ್ರಿಲ್‌ನಲ್ಲಿ ಆ ಒಂದು ಇಂಚು ಮಳೆ ಸರಿಯಾಗಿ ಬಿದ್ದರೆ ಒಂದು ವಾರ ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಬೀಳದಿದ್ದರೆ ಆ ವರ್ಷದ ಫಸಲು ಅಷ್ಟಕ್ಕಷ್ಟೇ. ಟೇಕ್ ಹೋಯಿತು ಅಂತ ಯಾರಿಗೂ ಬೇಸರ ಆಗಲಿಲ್ಲ. ಅವನ ಹೆಂಡತಿ ಎಲ್ಲರಿಗೂ ಬಿಸಿ ಕಾಫಿ, ಕಡುಬು ಕೊಟ್ಟರು.

ಈಗ ಲಯದ ಮಾತು. ಹಳೆಯ ಟೇಪಿನ ವೇಗ ಸರಿಮಾಡಿದಮೇಲೂ ಹಾಡುಗಳು ಒಂದೇ ಗತಿಯಲ್ಲಿ ಇರಲಿಲ್ಲ. ಬಸ್ಸಿನ ಹಾಡು ಅಂತ ನಾವು ಕರೆಯುವ ಹಾಡು ನಿಮಿಷಕ್ಕೆ 138 ಪೆಟ್ಟಿನಲ್ಲಿ ಶುರುವಾಗಿ ಕೊನೇ ಪಲ್ಲವಿಯಲ್ಲಿ 146ಕ್ಕೆ ಹೋಗಿತ್ತು. ಈಗಿನ ರೂಢಿಯಂತೆ ಕಿವಿಯಲ್ಲಿ ತಾಳ ಹಿಡಿಯುವ ಕ್ಲಿಕ್ ಸದ್ದು ಇಟ್ಟುಕೊಂಡು 142ಕ್ಕೆ ನುಡಿಸಿ ನೋಡಿದೆವು. ಎಲ್ಲವೂ ಸರಿಯಾಗಿತ್ತು, ಹಾಡಿನ ಜೀವ ಇರಲಿಲ್ಲ. ಆ ಹಾಡು ಇರುವುದು ಮೂಡಿಗೆರೆಗೆ ಹೋಗುವ ಕೊನೇ ಬಸ್ಸು ತಪ್ಪಿದವಳ ಬಗ್ಗೆ. ಅವಳು ಬಸ್ಸಿನ ಹಿಂದೆ ಓಡುತ್ತಾಳೆ. ಹಾಡೂ ಓಡಬೇಕಲ್ಲ! ಆ ಏರಿಕೆ ಯಾರೂ ಯೋಚಿಸಿ ಮಾಡಿದ್ದಲ್ಲ, ಆದರೆ ಅದೇ ಹಾಡು. ಕ್ಲಿಕ್ ತೆಗೆಸಿದೆವು. ಎಲ್ಲರೂ ಒಂದೇ ಕಡೆ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ನಿಂತೆವು. ಹೀಗೆ ನಿಂತರೆ ನನ್ನ ದನಿ ಡ್ರಮ್ಮಿನ ಮೈಕಿಗೂ ಹೋಗುತ್ತದೆ, ಡ್ರಮ್ಮು ನನ್ನ ಮೈಕಿಗೂ ಬರುತ್ತದೆ. ಆಮೇಲೆ ಒಂದು ಸಾಲು ಮಾತ್ರ ತಿದ್ದಿ ಹಾಕಲು ಬರುವುದಿಲ್ಲ. ಶುರುವಿನಿಂದ ಕೊನೆವರೆಗೆ ಎಲ್ಲರೂ ಸರಿ ನುಡಿಸಬೇಕು. ಹುಡುಗ ಆತಂಕದಿಂದ, "ಅಕ್ಕ, ಆಮೇಲೆ ಎಡಿಟ್ ಮಾಡೋಕೆ ಏನೂ ಇರಲ್ಲ" ಅಂದ. ಬೇಡ, ನಮಗೂ ಅದೇ ಬೇಕು ಅಂದೆವು.

ಲೀಡ್ ಗಿಟಾರಿನ ಕಥೆ ಬೇರೆ. ಅದರ ಒರಟು, ಹರಿದ ದನಿ ಬರುತ್ತಿದ್ದದ್ದು ಅವನೇ ಮಾಡಿದ ಒಂದು ಫಜ್ ಡಬ್ಬಿಯಿಂದ. ಕೆಟ್ಟ ರೇಡಿಯೋದಿಂದ ಕಿತ್ತ ಎರಡು ಎಸಿ 128 ಟ್ರಾನ್ಸಿಸ್ಟರ್, ಒಂದು 9 ವೋಲ್ಟ್ ಸೆಲ್ಲು. ಡಬ್ಬಿ ಅವನ ಮನೆ ಅಟ್ಟದಲ್ಲಿ ಇತ್ತು. ಒಣಗಿದ ಕೆಪಾಸಿಟರ್ ಬದಲಿಸಿದ ಕೂಡಲೇ ಮಾತಾಡಿತು. ಎಸಿ 128 ಜರ್ಮೇನಿಯಂ ಅನ್ನುವ ಧಾತುವಿನದು. ಜರ್ಮೇನಿಯಂ ಬಿಸಿಗೆ ಬದಲಾಗುತ್ತದೆ, ಬೆಚ್ಚಗಾದಷ್ಟೂ ಒಳಗೆ ಕರೆಂಟ್ ಸೋರುತ್ತದೆ. ಬೆಳಗಿನ ಚಳಿಯಲ್ಲಿ ತುಂಬಿದ ದನಿ, ಹನ್ನೊಂದು ಗಂಟೆ ಹೊತ್ತಿಗೆ ತೊದಲಲು ಶುರು. ಒದ್ದೆ ಬಟ್ಟೆ ಸುತ್ತಿದ ಪಾತ್ರೆಯ ಪಕ್ಕ ಡಬ್ಬಿ ಇಟ್ಟು ತಣ್ಣಗೆ ಇಟ್ಟುಕೊಂಡ. ಇದೇ ದನಿ ಕೊಡುವ ಹೊಸ ಪೆಡಲ್ ಎಷ್ಟೋ ಸಿಗುತ್ತವೆ, ಅವನ ಹತ್ತಿರ ಇವೆ ಕೂಡ. ಆದರೆ ಅವನ ಬೆರಳು ಆ ಡಬ್ಬಿಯ ಸಿಟ್ಟಿಗೆ ಹೊಂದಿಕೊಂಡೇ ಆ ಸೋಲೊಗಳನ್ನು ಕಟ್ಟಿದ್ದು. ಹಾಗಾಗಿ ಡಬ್ಬಿ ಉಳಿಯಿತು.

ಬಾಸಿನವನು ಈಗ ಹೊರದೇಶದಲ್ಲಿರುವುದು. ರಜೆ ಹಾಕಿ ಬಂದಿದ್ದ, ಅರ್ಧ ಹಾಡು ಮರೆತಿದ್ದ. ಅವನಿಗಾಗಿ ಹುಡುಗ ಕಂಪ್ಯೂಟರಿನಲ್ಲಿ ಕ್ಯಾಸೆಟ್ಟಿನ ಹಾಡುಗಳನ್ನು ಬಿಡಿಸಿದ. ಒಟ್ಟಿಗೆ ಬೆರೆತ ಸದ್ದಿನಿಂದ ಬಾಸ್ ಬೇರೆ, ಡ್ರಮ್ ಬೇರೆ, ದನಿ ಬೇರೆ ಮಾಡುವ ಸಾಫ್ಟ್‌ವೇರ್ ಈಗ ಇದೆ. ಜಾನ್ ಲೆನನ್ ಮನೆಯಲ್ಲಿ ಮಾಡಿಟ್ಟಿದ್ದ 1970ರ ದಶಕದ ಕ್ಯಾಸೆಟ್ಟಿನಿಂದ ಅವರ ದನಿ ಬಿಡಿಸಿ 2023ರಲ್ಲಿ ಬೀಟಲ್ಸ್ ಹಾಡು ಬಂತಲ್ಲ, ಆ ಬಗೆಯದು. ಬಾಸ್ ಕೇಳಿ ಮುಗಿದಮೇಲೆ ಹುಡುಗ ದನಿಯ ಟ್ರ್ಯಾಕ್ ಒಂದನ್ನೇ ಹಾಕಿದ.

23 ವರ್ಷದ ನಾನು, ವಾದ್ಯ ಏನೂ ಇಲ್ಲದೆ. ಸಾಲಿಗೆ ಮುಂಚೆ ಎಳೆದುಕೊಂಡ ಉಸಿರು ಕೇಳುತ್ತಿತ್ತು. ಕಿರುಚುವ ಸ್ವರಕ್ಕೆ ಹೋಗುವ ಮೊದಲು ಒಂದು ಸಣ್ಣ ನಡುಕ. ಆ ದನಿಯಲ್ಲಿ ಧೈರ್ಯ ಇದೆ ಅಂತ ಜನ ಹೇಳುತ್ತಿದ್ದರು. ನನಗೆ ಹೆದರಿಕೆಯೂ ಕೇಳಿಸಿತು. ಡ್ರಮ್ಮಿನ ಮೇಲೆ ದನಿ ಕೇಳಿಸದೇ ಹೋದೀತು ಅನ್ನುವ ಹೆದರಿಕೆ.

"ಅಕ್ಕ, ಬೇಕಾದರೆ ಇದೇ ದನೀನ ಹೊಸ ಟ್ರ್ಯಾಕ್ ಮೇಲೆ ಕೂರಿಸಬಹುದು. ಇಲ್ಲಾ ನಿಮ್ಮ ಈಗಿನ ದನೀನೇ ಹೀಗೆ ಎಳೇದು ಮಾಡಬಹುದು" ಅಂದ. ಅವನದು ಒಳ್ಳೆಯ ಮನಸ್ಸು. ಮೊದಲನೆಯದಕ್ಕೆ ಕಾನೂನೇ ಅಡ್ಡ, ಅದು ಹಳೆಯ ಧ್ವನಿಮುದ್ರಣವನ್ನೇ ಬಳಸಿದ ಹಾಗೆ. ಎರಡನೆಯದಕ್ಕೆ ನಾನು ಅಡ್ಡ. ಇಲ್ಲಿ ಹಾಡುತ್ತಿರುವವಳು ನಾನು, ನನಗೆ ಇಷ್ಟು ವಯಸ್ಸಾಗಿದೆ, ಅದು ಕೇಳಿಸಲಿ.

ಆಮೇಲೆ ಕಿರುಚಾಟದ ಪ್ರಶ್ನೆ. ಈಗ ನನ್ನ ಕಿವಿಯಲ್ಲಿ ಹೆಡ್‌ಫೋನ್ ಇದೆ. ಪಿಸುಗುಟ್ಟಿದರೂ ನನಗೆ ಕೇಳುತ್ತದೆ. ಹಾಗಾದರೆ ಕಿರುಚುವುದು ಯಾಕೆ? ಬಸ್ಸಿನ ಹಾಡಿನಲ್ಲಿ ಒಂದು ಸಾಲಿದೆ, "ಕೊನೇ ಬಸ್ಸು ಹೋಯ್ತು, ಹೇಳಿ ಹೋಗಲಿಲ್ಲ." 1996ರಲ್ಲಿ ಇದನ್ನು ಪೂರಾ ಗಂಟಲು ಬಿಟ್ಟು ಕಿರುಚಿದ್ದೆ. ಈ ಸಲ ಮೈಕಿಗೆ ಬಾಯಿ ತಾಗುವಷ್ಟು ಹತ್ತಿರ ನಿಂತು, ಮಾತಾಡುವ ದನಿಯಲ್ಲಿ ಹೇಳಿದೆ. "ಹೇಳಿ" ಅನ್ನುವಲ್ಲಿ ರಾಗ ಸಣ್ಣಗೆ ಜಾರಿ ಇಳಿಯುತ್ತದೆ. ಅದನ್ನು ನಾನೇ ಹಾಕಿದ್ದು, ಕಿರುಚಾಟದಲ್ಲಿ ಇಷ್ಟು ವರ್ಷ ಮುಚ್ಚಿಹೋಗಿತ್ತು. ಡ್ರಮ್ಸ್‌ನವನು ತಲೆಯೆತ್ತಿ ನನ್ನನ್ನು ನೋಡಿದ, ಅವನ ಕೈ ತನ್ನಷ್ಟಕ್ಕೆ ಮೆತ್ತಗಾಯಿತು. ಸುತ್ತ ಎಲ್ಲ ಓಡುತ್ತಾ ಇದ್ದರೂ ನಡುವೆ ದನಿ ನಿಂತಿತ್ತು. ಆ ಟೇಕನ್ನೇ ಇಟ್ಟುಕೊಂಡೆವು.

ಹೂ ಮಳೆಯ ಹಾಡು ತದ್ವಿರುದ್ಧ. ಅದರ ಪಲ್ಲವಿ ಮೋಡವನ್ನು ಕರೆಯುವುದು. ಮೆತ್ತಗೆ ಹಾಡಿ ನೋಡಿದೆ, ಬರೀ ಸುಳ್ಳು ಅನಿಸಿತು. ಮಾರ್ಚ್ ತಿಂಗಳಲ್ಲಿ ಆಕಾಶ ನೋಡುತ್ತಾ ನಿಂತವರು ಯಾರೂ ಮೆತ್ತಗೆ ಕೇಳುವುದಿಲ್ಲ. ಅಲ್ಲಿ ಕಿರುಚಿದೆ, ಒಂದು ಮನೆ ಕೆಳಗೆ. ದನಿ ಕೊನೆಯಲ್ಲಿ ಒಡೆಯಿತು. ಮಳೆ ನಿಂತ ಮರುದಿನ ಬೆಳಗ್ಗೆ ಹಾಡಿದ್ದು ಅದು. ಒಡೆದದ್ದನ್ನು ಹಾಗೇ ಬಿಟ್ಟಿದ್ದೇವೆ.

ಎಂಟು ಹಾಡಿನಲ್ಲಿ ಏಳು ಮಾಡಿದೆವು. ಒಂದನ್ನು ಬಿಟ್ಟೆವು. ಅದು ನನ್ನ ಅಮ್ಮನ ಮೇಲಿನ ಸಿಟ್ಟಿಗೆ ಬರೆದ ಹಾಡು. ಅಣ್ಣ ಜೊತೆಗೆ ಬಂದರೆ ಮಾತ್ರ ವೇದಿಕೆಗೆ ಹೋಗಬಹುದು ಅಂತ ಅಮ್ಮ ಹೇಳುತ್ತಿದ್ದ ಕಾಲ. ಆ ಸಿಟ್ಟು ನ್ಯಾಯದ್ದೇ, ಈಗಲೂ ಹಾಗೇ ಅನ್ನುತ್ತೇನೆ. ಊರಿನ ಮಾತಿಗೆ ಹೆದರಿ ಹಾಗೆ ಹೇಳುತ್ತಿದ್ದಳು ಅಂತ ಈಗ ಗೊತ್ತು. ಆ ಹಾಡಿನಲ್ಲಿ ರಾಗ ಇಲ್ಲ, ಕಿರುಚಾಟ ಬಿಟ್ಟರೆ ಏನೂ ಇಲ್ಲ. ಅದನ್ನು ಹಾಡಲು ಆ ಹುಡುಗಿಗೆ ಮಾತ್ರ ಹಕ್ಕಿದೆ ಅಂತ ನನಗೆ ಅನಿಸಿತು. ಮೂವರೂ ಒಪ್ಪಿದರು. ಕ್ಯಾಸೆಟ್ ಇರುವವರ ಹತ್ತಿರ ಅದು ಇದೆ.

ಮಿಕ್ಸಿಂಗಿನಲ್ಲಿ, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವುದರಲ್ಲಿ, ಜಾಸ್ತಿ ಹೇಳುವಂಥದ್ದು ಏನೂ ಆಗಲಿಲ್ಲ. ಒಟ್ಟಿಗೆ ನುಡಿಸಿದ್ದರಿಂದ ಅರ್ಧ ಮಿಕ್ಸಿಂಗ್ ಗೋದಾಮಿನಲ್ಲೇ ಆಗಿತ್ತು.

ಒಪ್ಪಂದ ಮಾತ್ರ ಈ ಸಲ ನಾವೇ ಬರೆದುಕೊಂಡೆವು, ಕನ್ನಡದಲ್ಲಿ, ವಕೀಲರಿಗೆ ತೋರಿಸಿ. ಧ್ವನಿಮುದ್ರಣದ ನಿರ್ಮಾಪಕರು ನಾವು ನಾಲ್ಕೂ ಜನ, ಸಮಪಾಲು. ಸಾಹಿತ್ಯ ಯಾರದು, ಸಂಗೀತ ಯಾರದು ಅಂತ ಹಾಡು ಹಾಡಿಗೂ ಬರೆದಿದ್ದೇವೆ. ಹಂಚುವ ಕಂಪನಿಗೆ ಕೊಟ್ಟಿರುವುದು ಮೂರು ವರ್ಷಕ್ಕೆ, ಅವಧಿ ದಪ್ಪ ಅಕ್ಷರದಲ್ಲಿದೆ. ಹಾಸನದ ಹುಡುಗನಿಗೂ ಒಂದು ಪಾಲು ಇಟ್ಟೆವು. ಬೇಡ ಅಕ್ಕ, ನನಗೆ ಸಂಬಳ ಕೊಟ್ಟಿದ್ದೀರಲ್ಲ ಅಂತ ಸಂಕೋಚಪಟ್ಟ. "ಸಹಿ ಹಾಕೋ ಮಾರಾಯ, ನಾಳೆ ನಿನಗೂ 50 ಆಗುತ್ತೆ" ಅಂತ ಡ್ರಮ್ಸ್‌ನವನು ಪೆನ್ನು ಕೈಗೆ ಕೊಟ್ಟ.

ಮುಂದಿನ ವರ್ಷ ಗೋದಾಮು ಖಾಲಿಯಾದಾಗ ಹೊಸ ಹಾಡು ಮಾಡೋಣ್ವಾ ಅಂತ ಅವನು ಈಗಲೇ ಕೇಳುತ್ತಿದ್ದಾನೆ. ನನ್ನ ಹತ್ತಿರ ಮೂರು ತಯಾರಿವೆ. ಮೂರನ್ನೂ ಎರಡು ಮನೆಯಲ್ಲೇ ಬರೆದಿದ್ದೇನೆ.